ಕಂಟೇನರಿಗೆ ಜಿಪಿಯು ಕೊಡುವ ಕೆಲಸ: ಹಿತ್ತಲ ಬಾಗಿಲಿನಿಂದ ಮುಂಬಾಗಿಲಿಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಯಾರೂ ಹೊಗಳದ ಒಂದು ಸಣ್ಣ ಟೂಲ್ ಬಗ್ಗೆ. ಸರಿಯಾಗಿ ನಡೆಯುತ್ತಿದ್ದರೆ ಅದು ಇದೆ ಅನ್ನುವುದೇ ನೆನಪಿರುವುದಿಲ್ಲ. ಕೈಕೊಟ್ಟ ದಿನ ಮಾತ್ರ ಎಲ್ಲರೂ ಅದರ ಹೆಸರು ಹುಡುಕುತ್ತಾರೆ. ಅದರ ಹೆಸರು ಎನ್‌ವಿಡಿಯಾ ಕಂಟೇನರ್ ಟೂಲ್‌ಕಿಟ್. ಕಂಟೇನರ್ ಒಳಗಿನ ಪ್ರೋಗ್ರಾಮಿಗೆ ಗ್ರಾಫಿಕ್ಸ್ ಕಾರ್ಡ್, ಅಂದರೆ ಜಿಪಿಯು, ಕಾಣುವ ಹಾಗೆ ಮಾಡುವುದು ಅದರ ಕೆಲಸ.

ಕಂಟೇನರ್ ಅಂದರೆ ಪುಟ್ಟದೊಂದು ಕಂಪ್ಯೂಟರ್ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜಕ್ಕೂ ಅದು ಮಾಮೂಲಿ ಪ್ರೊಸೆಸ್ಸೇ. ಲಿನಕ್ಸ್ ಕರ್ನಲ್ ನೇಮ್‌ಸ್ಪೇಸ್ ಹಾಕಿ ಅದಕ್ಕೆ ಬೇರೆಯದೇ ಲೋಕ ತೋರಿಸುತ್ತದೆ. ಯಾವ ಡಿವೈಸ್ ಮುಟ್ಟಬಹುದು, ಎಷ್ಟು ಮೆಮೊರಿ ತಿನ್ನಬಹುದು ಅನ್ನುವುದಕ್ಕೆ ಸಿಗ್ರೂಪ್ ಬೇಲಿ ಹಾಕುತ್ತದೆ. ಕರ್ನಲ್ ಮಾತ್ರ ಎಲ್ಲರಿಗೂ ಒಂದೇ. ಹಾಗಿದ್ದರೆ ಕಾರ್ಡನ್ನು ಮುಟ್ಟಲು ಲಿನಕ್ಸ್ ಕೊಡುವ ಡಿವೈಸ್ ಫೈಲನ್ನು ಒಳಗೆ ತೋರಿಸಿಬಿಟ್ಟರೆ ಆಯಿತು, ಅಲ್ವಾ?

ಕೆಲವು ಕಾರ್ಡಿಗೆ ಹೆಚ್ಚುಕಮ್ಮಿ ಅಷ್ಟೇ ಸಾಕು. ಇಂಟೆಲ್ ಕಾರ್ಡಿಗೆ ಡಿಆರ್‌ಐ ಫೋಲ್ಡರಿನ ರೆಂಡರ್ ಫೈಲ್ ಕೊಡಿ. ಎಎಂಡಿ ಕಾರ್ಡಿನಲ್ಲಿ ಲೆಕ್ಕ ಮಾಡಿಸಬೇಕಾದರೆ ಅದರ ಜೊತೆಗೆ ಕೆಎಫ್‌ಡಿ ಅನ್ನುವ ಫೈಲನ್ನೂ ಕೊಡಿ. ಬೇಕಾದ ಲೈಬ್ರರಿಗಳು ಇಮೇಜಿನಲ್ಲೇ, ಅಂದರೆ ಕಂಟೇನರ್ ಎಬ್ಬಿಸುವ ಅಚ್ಚಿನಲ್ಲೇ, ಇರುತ್ತವೆ. ಇಲ್ಲಿ ತಲೆ ತಿನ್ನುವುದು ಸಾಮಾನ್ಯವಾಗಿ ಗ್ರೂಪ್ ಪರ್ಮಿಷನ್. ಹೋಸ್ಟಿನಲ್ಲಿ, ಅಂದರೆ ಕಂಟೇನರ್ ಓಡುವ ಮಷೀನಿನಲ್ಲಿ, ರೆಂಡರ್ ಗ್ರೂಪಿಗೆ ಒಂದು ನಂಬರ್, ಇಮೇಜಿನಲ್ಲಿ ಇನ್ನೊಂದು. ಫೈಲ್ ಕಣ್ಣೆದುರೇ ಇರುತ್ತದೆ, ತೆರೆಯಲು ಬಿಡುವುದಿಲ್ಲ.

ಎನ್‌ವಿಡಿಯಾದ ಕಥೆ ಬೇರೆ. ಅದರ ಡ್ರೈವರಿಗೆ ಎರಡು ತುಂಡು. ಒಂದು ಕರ್ನಲ್ ಒಳಗಿನ ಮಾಡ್ಯೂಲ್. ಇನ್ನೊಂದು ಪ್ರೋಗ್ರಾಮಿನ ಜೊತೆ ಓಡುವ ಲೈಬ್ರರಿಗಳು. ಮಾಮೂಲಿಯಾಗಿ ಎರಡರ ವರ್ಷನ್ ತಾಳೆಯಾಗಬೇಕು, ಇಲ್ಲದಿದ್ದರೆ ಮಿಸ್‌ಮ್ಯಾಚ್ ಅಂತ ಎರರ್ ಬಂದು ನಿಲ್ಲುತ್ತದೆ. ಈಗ ಯೋಚಿಸಿ. ಇಮೇಜ್ ಕಟ್ಟಿದ್ದು ಆರು ತಿಂಗಳ ಹಿಂದೆ, ಬೇರೆ ಯಾವುದೋ ಮಷೀನಿನಲ್ಲಿ. ಓಡಬೇಕಾಗಿರುವುದು ಇವತ್ತು, ಇಲ್ಲಿ. ಲೈಬ್ರರಿಯನ್ನು ಇಮೇಜಿನೊಳಗೇ ತುಂಬಿದರೆ ಅದು ಆ ಒಂದು ಡ್ರೈವರಿಗೆ ಗಂಟುಬಿದ್ದ ಹಾಗೆ. ಆದ್ದರಿಂದ ಲೈಬ್ರರಿಯನ್ನು ಹೋಸ್ಟಿನಿಂದಲೇ ತೆಗೆದು, ಕಂಟೇನರ್ ಶುರುವಾಗುವ ಗಳಿಗೆಯಲ್ಲಿ ಒಳಗೆ ಸೇರಿಸಬೇಕು. ಈ ಟೂಲ್ ಹುಟ್ಟಿದ್ದು ಈ ಒಂದು ತೊಡಕಿನಿಂದ.

ಇದರ ಮೊದಲ ರೂಪ 2016ರಲ್ಲಿ ಬಂದ ಎನ್‌ವಿಡಿಯಾ-ಡಾಕರ್. ಅದು ಕಂಟೇನರ್ ಓಡಿಸುವ ಡಾಕರ್ ಕಮಾಂಡಿಗೆ ಹೊದಿಸಿದ ಒಂದು ಹೊದಿಕೆ ಅಷ್ಟೇ. ಮರುವರ್ಷ ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. 2019ರಲ್ಲಿ ಡಾಕರ್ 19.03ಕ್ಕೆ ಜಿಪಿಯು ಕೇಳುವ ಆಯ್ಕೆ ನೇರವಾಗಿ ಸೇರಿತು. ಈ ಎರಡನೇ ವಿನ್ಯಾಸದ ಜೀವಾಳ ಹುಕ್. ಕಂಟೇನರಿನ ಗೋಡೆಗಳು ಎದ್ದಿವೆ, ನಮ್ಮ ಪ್ರೋಗ್ರಾಮ್ ಇನ್ನೂ ಶುರುವಾಗಿಲ್ಲ. ಆ ಸಂದಿಯಲ್ಲಿ ರೂಟ್ ಅಧಿಕಾರ ಇರುವ ಒಂದು ಪ್ರೋಗ್ರಾಮ್ ಒಳಗೆ ನುಗ್ಗುತ್ತದೆ. ಲೈಬ್ರರಿಗಳನ್ನು ಮೌಂಟ್ ಮಾಡುತ್ತದೆ. ಸಿಗ್ರೂಪ್ ಬೇಲಿಯಲ್ಲಿ ಕಾರ್ಡಿಗೆ ಒಂದು ಗಂಡಿ ಮಾಡುತ್ತದೆ. ಹೊರಗೆ ಹೋಗುತ್ತದೆ. ನಾನು ಇದಕ್ಕೆ ಹಿತ್ತಲ ಬಾಗಿಲು ಅನ್ನುತ್ತೇನೆ. ಆ ದಿನಗಳಲ್ಲಿ ಬೇರೆ ದಾರಿ ಕಡಿಮೆ ಇತ್ತು, ಆದ್ದರಿಂದ ಕಟ್ಟಿದವರನ್ನು ಬೈಯುವುದು ಸರಿಯಲ್ಲ. ಆದರೆ ಮುಂದಿನ ಬಹಳಷ್ಟು ತಲೆನೋವು ಇಲ್ಲಿಂದಲೇ ಹೊರಟಿತು.

ಒಂದು ಉದಾಹರಣೆ. ಕಂಟೇನರ್ ಚೆನ್ನಾಗಿ ಓಡುತ್ತಿರುತ್ತದೆ. ಯಾರೋ ಹೋಸ್ಟಿನಲ್ಲಿ ಸರ್ವಿಸುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಡೀಮನ್-ರೀಲೋಡ್, ಅಂದರೆ ಸೆಟ್ಟಿಂಗ್ ಮತ್ತೆ ಓದು, ಅನ್ನುತ್ತಾರೆ. ಜಿಪಿಯುಗೂ ಅದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಒಳಗೆ ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಹಾಕಿದರೆ, ಅದು ಬಳಸುವ ಎನ್‌ವಿಎಂಎಲ್ ಲೈಬ್ರರಿ ಶುರು ಮಾಡಲಾಗಲಿಲ್ಲ, ಅನ್‌ನೋನ್ ಎರರ್. ಕಾರ್ಡ್ ಸುಟ್ಟುಹೋಯಿತಾ ಅಂತ ಎದೆ ಧಸಕ್ಕೆನ್ನುತ್ತದೆ! ಆಗಿದ್ದಿಷ್ಟು. ಕಂಟೇನರ್ ಕಟ್ಟುವ ರನ್‌ಸಿ, ಯಾವ ಡಿವೈಸಿಗೆ ಅನುಮತಿ ಅಂತ ಸಿಸ್ಟಮ್‌ಡಿಗೆ ಪಟ್ಟಿ ಕೊಟ್ಟಿರುತ್ತದೆ. ಹುಕ್ ಹಿತ್ತಲಿನಿಂದ ಸೇರಿಸಿದ ಕಾರ್ಡ್ ಆ ಪಟ್ಟಿಯಲ್ಲಿಲ್ಲ. ರೀಲೋಡ್ ಆದಾಗ ಸಿಸ್ಟಮ್‌ಡಿ ತನ್ನ ಪಟ್ಟಿ ನೋಡಿ ಬೇಲಿಯನ್ನು ಹೊಸದಾಗಿ ಕಟ್ಟುತ್ತದೆ. ಗಂಡಿ ಮುಚ್ಚಿಹೋಗುತ್ತದೆ. ಅನುಮತಿ ನೋಡುವುದು ಫೈಲ್ ತೆರೆಯುವಾಗ ಮಾತ್ರ. ಹಾಗಾಗಿ ಆಗಲೇ ತೆರೆದುಕೊಂಡಿದ್ದ ಪ್ರೊಸೆಸ್ ಏನೂ ಆಗದ ಹಾಗೆ ಓಡುತ್ತಿರುತ್ತದೆ, ಹೊಸದಾಗಿ ಬಂದವನಿಗೆ ಬಾಗಿಲು ಬಂದ್. ಇಂಥ ತಪ್ಪು ಹುಡುಕುವುದರಷ್ಟು ಕಷ್ಟ ಇನ್ನೊಂದಿಲ್ಲ.

ಇನ್ನೊಂದು, ಯಾವ ಕಾರ್ಡ್ ಬೇಕು ಅಂತ ಕೇಳುವ ರೀತಿ. ಎನ್‌ವಿಡಿಯಾ ವಿಸಿಬಲ್ ಡಿವೈಸಸ್ ಅಂತ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್, ಇದೆ. ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಕೂಡಾ (CUDA) ಸಾಫ್ಟ್‌ವೇರಿನ ಬೇಸ್ ಇಮೇಜುಗಳಲ್ಲಿ ಅದಕ್ಕೆ 'ಆಲ್' ಅಂತ ಮೊದಲೇ ಬರೆದಿರುತ್ತದೆ. ಅಂದರೆ ಊಟಕ್ಕೆ ಬಂದವರೇ ಎಷ್ಟು ಬಡಿಸಬೇಕು ಅಂತ ಎಲೆಯ ಮೇಲೆ ಬರೆದುಕೊಂಡು ಬಂದ ಹಾಗೆ! ಹತ್ತು ಜನ ಹಂಚಿಕೊಳ್ಳುವ ಕ್ಲಸ್ಟರಿನಲ್ಲಿ, ಕಾರ್ಡೇ ಕೇಳದ ಕಂಟೇನರಿಗೆ ಎಲ್ಲಾ ಕಾರ್ಡೂ ಕಾಣಿಸಿಬಿಡಬಹುದು. ವಿಶೇಷ ಅಧಿಕಾರ ಇಲ್ಲದ ಕಂಟೇನರ್ ಹೀಗೆ ಕೇಳಿದರೆ ಒಪ್ಪಬೇಡ ಅನ್ನುವ ಸೆಟ್ಟಿಂಗ್ ಇದೆ. ಹಂಚಿಕೊಳ್ಳುವ ಮಷೀನ್ ನೋಡಿಕೊಳ್ಳುವವರು ಅದನ್ನು ಇವತ್ತೇ ನೋಡಿ.

ಇನ್ನು ಸೆಕ್ಯುರಿಟಿ. ರೂಟ್ ಆಗಿ ಓಡುವ ಹುಕ್, ಯಾರೋ ಕಟ್ಟಿದ ಇಮೇಜಿನ ಫೈಲುಗಳ ನಡುವೆ ಕೆಲಸ ಮಾಡುತ್ತದೆ ಅನ್ನುವುದನ್ನು ಮರೆಯಬೇಡಿ. 2024ರ ಸೆಪ್ಟೆಂಬರಿನಲ್ಲಿ ಸಿವಿಇ-2024-0132 ಅನ್ನುವ ನಂಬರಿನ ಸೆಕ್ಯುರಿಟಿ ತೂತು ಹೊರಬಿತ್ತು. ಟೂಲ್ ಒಂದು ಜಾಗವನ್ನು ಪರೀಕ್ಷಿಸುವುದಕ್ಕೂ ಬಳಸುವುದಕ್ಕೂ ನಡುವಿನ ಅಂತರದಲ್ಲಿ ಅದನ್ನು ಬದಲಾಯಿಸಿದರೆ, ಹೋಸ್ಟಿನ ಫೈಲ್ ಸಿಸ್ಟಮ್ಮೇ ಕೈಗೆ ಸಿಗುತ್ತಿತ್ತು. 10ಕ್ಕೆ 9ರ ತೀವ್ರತೆ. ಟೂಲ್‌ಕಿಟ್‌ನ 1.16.2 ವರ್ಷನ್ನಿನಲ್ಲಿ ಸರಿಪಡಿಸಿದರು. ಅದು ಪೂರ್ತಿ ಸರಿಯಾಗಿರಲಿಲ್ಲ. 2025ರ ಫೆಬ್ರುವರಿಯಲ್ಲಿ 1.17.4 ಬರಬೇಕಾಯಿತು. ಅದೇ ವರ್ಷ ಜುಲೈಯಲ್ಲಿ ಮತ್ತೊಂದು ತೂತು. ಹುಕ್ ಓಡುವಾಗ ಇಮೇಜಿನ ಎನ್ವಿರಾನ್‌ಮೆಂಟನ್ನೇ ಮೈಮೇಲೆ ಹಾಕಿಕೊಳ್ಳುತ್ತಿತ್ತು. ಮೊದಲು ಯಾವ ಲೈಬ್ರರಿ ಲೋಡ್ ಆಗಬೇಕು ಅಂತ ಹೇಳುವ ಎಲ್‌ಡಿ ಪ್ರೀಲೋಡ್ ವೇರಿಯಬಲ್‌ನಲ್ಲಿ ತನ್ನ ಲೈಬ್ರರಿಯ ಹೆಸರು ಬರೆದವನಿಗೆ ಹೋಸ್ಟಿನಲ್ಲಿ ರೂಟ್ ಅಧಿಕಾರ ಸಿಗುತ್ತಿತ್ತು. ಇಮೇಜ್ ಕಟ್ಟುವ ಸೂಚನೆ ಬರೆಯುವ ಡಾಕರ್‌ಫೈಲ್ ಮೂರೇ ಸಾಲಿದ್ದರೆ ಸಾಕಾಗಿತ್ತು. 1.17.8ಕ್ಕಿಂತ ಹಳೆಯದು ನಿಮ್ಮ ಮಷೀನಿನಲ್ಲಿದ್ದರೆ, ಈ ಮಾತು ಮುಗಿಯುವವರೆಗೂ ಕಾಯಬೇಡಿ, ಎದ್ದು ಹೋಗಿ ಅಪ್‌ಡೇಟ್ ಮಾಡಿ. ನನಗೇನೂ ಬೇಸರವಿಲ್ಲ.

ಹಾಗಾದರೆ ಸುಧಾರಣೆ ಎಲ್ಲಿ ಆಗುತ್ತಿದೆ? ನನ್ನ ಪ್ರಕಾರ, ಟೂಲಿನ ಜಾಣತನ ಕಮ್ಮಿಯಾಗುತ್ತಿರುವುದೇ ದೊಡ್ಡ ಸುಧಾರಣೆ. ಕಂಟೇನರ್ ಡಿವೈಸ್ ಇಂಟರ್‌ಫೇಸ್, ಅಂದರೆ ಸಿಡಿಐ, ಒಂದು ಚೀಟಿ ಇದ್ದ ಹಾಗೆ. ಈ ಕಾರ್ಡ್ ಬೇಕೆಂದರೆ ಈ ಡಿವೈಸ್ ಫೈಲುಗಳು, ಈ ಲೈಬ್ರರಿಗಳು, ಈ ವೇರಿಯಬಲ್‌ಗಳು ಅಂತ ಒಂದು ಯಾಮಲ್ ಅಥವಾ ಜೇಸನ್ ಫೈಲಿನಲ್ಲಿ ಬರೆದಿಡುವುದು. ಕಂಟೇನರ್ ಕಟ್ಟುವ ಮೊದಲೇ ಎಂಜಿನ್ ಆ ಚೀಟಿ ಓದಿ ರನ್‌ಸಿಗೆ ಪೂರ್ತಿ ಲೆಕ್ಕ ಕೊಡುತ್ತದೆ. ಮುಂಬಾಗಿಲಿನಿಂದ ಬಂದದ್ದು ಸಿಸ್ಟಮ್‌ಡಿಗೂ ಗೊತ್ತಿರುತ್ತದೆ, ರೀಲೋಡಿಗೆ ಹೆದರಬೇಕಾಗಿಲ್ಲ. ಡಾಕರಿನಂಥದ್ದೇ ಇನ್ನೊಂದು ಎಂಜಿನ್ ಪಾಡ್‌ಮನ್ 4.1ರಿಂದ, ಡಾಕರ್ 25ರಿಂದ ಇದನ್ನು ಓದಬಲ್ಲವು. ಯಾವ ಕಂಪನಿಯ ಕಾರ್ಡಾದರೂ ಚೀಟಿಯ ರೂಪ ಒಂದೇ. ಇನ್ನೊಂದು ವಿಷಯ: 2024ರ ಆ ತೂತು ಸಿಡಿಐ ಬಳಸುತ್ತಿದ್ದವರನ್ನು ತಟ್ಟಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು, ಆ ಫೈಲನ್ನು ತೆರೆದು ಓದಬಹುದು ಅನ್ನುವುದು. ಸುಮ್ನೆ ಒಮ್ಮೆ ಓದಿ ನೋಡಿ, ಒಂದು ಕಾರ್ಡಿಗೆ ಎಷ್ಟೊಂದು ಫೈಲ್ ಒಳಗೆ ಹೋಗುತ್ತವೆ ಅಂತ ಆಶ್ಚರ್ಯವಾಗುತ್ತದೆ.

ಹಲವು ಮಷೀನುಗಳಿಗೆ ಕಂಟೇನರ್ ಹಂಚಿ ಓಡಿಸುವ ಕುಬರ್ನೆಟಿಸ್ ಕೂಡ ಇದೇ ದಿಕ್ಕಿನಲ್ಲಿದೆ. ಹಳೆಯ ಡಿವೈಸ್ ಪ್ಲಗಿನ್‌ನಲ್ಲಿ ಒಂದು ಕಾರ್ಡ್, ಎರಡು ಕಾರ್ಡ್ ಅಂತ ಎಣಿಸಿ ಕೇಳಬೇಕಿತ್ತು. 2025ರಲ್ಲಿ ಕುಬರ್ನೆಟಿಸ್ 1.34ರಲ್ಲಿ ಸ್ಥಿರವಾದ ಹೊಸ ಹಂಚಿಕೆ ವ್ಯವಸ್ಥೆಯಲ್ಲಿ ಇಂಥ ಗುಣದ, ಇಷ್ಟು ಮೆಮೊರಿಯ ಕಾರ್ಡ್ ಕೊಡಿ ಅಂತ ಕೇಳಬಹುದು. ಅದು ಆರಿಸಿದ ಕಾರ್ಡ್ ಕೊನೆಗೆ ಕಂಟೇನರಿಗೆ ತಲುಪುವುದು ಸಿಡಿಐ ಚೀಟಿಯ ಮೂಲಕವೇ.

ಚೀಟಿಗೂ ಒಂದು ಕಾಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಲೈಬ್ರರಿ ಫೈಲಿನ ಹೆಸರಿನಲ್ಲೇ ಡ್ರೈವರ್ ವರ್ಷನ್ ಇರುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿ ಚೀಟಿ ಹೊಸದಾಗಿ ಬರೆಸದಿದ್ದರೆ, ಅದು ಇಲ್ಲದ ಫೈಲನ್ನು ತೋರಿಸುತ್ತಾ ಕೂರುತ್ತದೆ, ಕಂಟೇನರ್ ಏಳುವುದಿಲ್ಲ. ಆದರೂ ಈ ತಪ್ಪು ನನಗೆ ಇಷ್ಟ. ಯಾವ ಫೈಲ್ ಸಿಗಲಿಲ್ಲ ಅಂತ ಹೆಸರು ಹೇಳಿಯೇ ನಿಲ್ಲುತ್ತದೆ. ಟೂಲ್‌ಕಿಟ್ ಜೊತೆ ಬರುವ ಎನ್‌ವಿಡಿಯಾ-ಸಿಟಿಕೆಯ ಒಂದೇ ಕಮಾಂಡಿನಲ್ಲಿ ಚೀಟಿ ಮತ್ತೆ ಬರೆಸಬಹುದು.

ಇನ್ನು ನಿಮ್ಮ ಪ್ರಶ್ನೆಗಳು. ಎರರ್ ಮೆಸೇಜ್ ತಂದವರಿದ್ದರೆ ಅವರಿಂದಲೇ ಶುರು ಮಾಡೋಣ.