ಫೆಲೋಶಿಪ್ ಅರ್ಜಿ: ವಿಷಯ ಸಣ್ಣದು ಮಾಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ದಿನ ದೂಡುತ್ತಿರುವವರಿಗೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಇನ್ನೂ ಮೊದಲ ಅಧ್ಯಾಯ ಮುಟ್ಟದವರಿಗೆ, ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದು, ಊರೂರು ಸುತ್ತಿ ನಾಟಕವಾಡುವ ಒಂದು ತಿರುಗಾಟವನ್ನೂ ಮುಗಿಸಿ ಮುಂದೇನು ಅಂತ ಕೂತವರಿಗೆ, ಚಿತ್ತಾರ ಬರೆಯುವ, ಡೊಳ್ಳು ಬಾರಿಸುವ ಹುಡುಗ ಹುಡುಗಿಯರಿಗೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ರೇಡಿಯೋ ಹಚ್ಚಿಕೊಂಡಿರುವ ಅಪ್ಪ ಅಮ್ಮಂದಿರೂ ಕೇಳಿ. "ಫೆಲೋಶಿಪ್ ಅಂದ್ರೆ ನೌಕರಿಯಾ?" ಅಂತ ಮೊದಲು ಕೇಳುವವರು ನೀವೇ.

ನೌಕರಿಯಲ್ಲ. ಇಂಥದ್ದೊಂದು ಕೆಲಸ ಮಾಡಿ ಮುಗಿಸುತ್ತೇನೆ ಎಂದು ನೀವು ಬರೆದುಕೊಟ್ಟರೆ, ಆ ಕೆಲಸಕ್ಕೆಂದು ಇಷ್ಟು ತಿಂಗಳು ಕೊಡುವ ಹಣ ಫೆಲೋಶಿಪ್. ರೆಸಿಡೆನ್ಸಿ ಎಂದರೆ ಉಳಿಯಲು ಕೋಣೆ, ಊಟ, ಕೆಲಸಕ್ಕೆ ಜಾಗ, ಜೊತೆಗೆ ನಾಲ್ಕು ಜನ ಕಲಾವಿದರ ಒಡನಾಟ. ಅದರಲ್ಲಿ ಕೈಗೆ ಹಣ ಬರಬಹುದು, ಬಾರದಿರಲೂಬಹುದು. ಎರಡಕ್ಕೂ ಅರ್ಜಿ ಬೇಕು. ಅರ್ಜಿಯ ಬಗ್ಗೆ ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ವಿಷಯ ಸಣ್ಣದು ಮಾಡಿ.

ಏನೇನಿದೆ ಎಂದು ಮೊದಲು ನೋಡಿಬಿಡೋಣ. ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕನ್ನಡವೂ ಅದರಲ್ಲಿ ಒಂದು ವಿಷಯ. ಕೇಂದ್ರ ಸಂಸ್ಕೃತಿ ಸಚಿವಾಲಯದಿಂದ 18ರಿಂದ 25 ವಯಸ್ಸಿನ ಕಲಾವಿದರಿಗೆ ತಿಂಗಳಿಗೆ 5,000ದ ವಿದ್ಯಾರ್ಥಿವೇತನ, 25ರಿಂದ 40ರವರಿಗೆ 10,000ದ ಜೂನಿಯರ್ ಫೆಲೋಶಿಪ್, ಎರಡೂ ಎರಡು ವರ್ಷಕ್ಕೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾ ಸಂಶೋಧನೆಗೂ ಕಲಾ ಪ್ರಯೋಗಕ್ಕೂ ಅನುದಾನ ಕೊಡುತ್ತದೆ. ಅಲ್ಲಿಗೆ ಪ್ರಸ್ತಾವವನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಇಂಗ್ಲಿಷ್ ಬರಲ್ಲ ಎಂಬ ನೆಪ ಅಲ್ಲಿಗೆ ಮುಗಿಯಿತು. ಅನುವಾದಕರಿಗೆ ನ್ಯೂ ಇಂಡಿಯಾ ಫೌಂಡೇಶನ್ನಿನ ಫೆಲೋಶಿಪ್ ಇದೆ, ಕನ್ನಡದ ಕಥೆ ಕಾದಂಬರಿಯಲ್ಲದ ಬರಹವನ್ನು ಇಂಗ್ಲಿಷಿಗೆ ತರುವುದಕ್ಕೆ. ದೃಶ್ಯಕಲಾವಿದರು ದೆಹಲಿಯ ಖೋಜ್ ಸಂಸ್ಥೆಯ ರೆಸಿಡೆನ್ಸಿಗಳ ಮೇಲೆ ಕಣ್ಣಿಟ್ಟಿರಿ. ಪಿಎಚ್.ಡಿ. ಮುಗಿದವರಿಗೆ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ ಇದೆ, ವೈಸರಾಯರ ಬಂಗಲೆಯಲ್ಲಿ ಕೂತು ಪುಸ್ತಕ ಬರೆಯಬಹುದು. ಕೊನೆಯ ದಿನಾಂಕ, ಮೊತ್ತ ಪ್ರತಿ ವರ್ಷ ಬದಲಾಗಬಹುದು. ಆಯಾ ವರ್ಷದ ಪ್ರಕಟಣೆಯನ್ನೇ ಓದಿ, ವಾಟ್ಸಾಪಿನಲ್ಲಿ ಬಂದ ಹಳೇ ಪಿಡಿಎಫ್ ನಂಬಬೇಡಿ.

ಈಗ ಅರ್ಜಿಗೆ ಬರೋಣ. ಸಾಗರದ ಕಡೆಯ ಒಬ್ಬ ಹುಡುಗಿ ಚಿತ್ತಾರದ ಮೇಲೆ ಅರ್ಜಿ ಹಾಕುತ್ತಾಳೆ ಅಂದುಕೊಳ್ಳಿ. ಶೀರ್ಷಿಕೆ ಹೀಗೆ ಬರೆಯುತ್ತಾಳೆ: "ಮಲೆನಾಡಿನ ನಶಿಸುತ್ತಿರುವ ಚಿತ್ತಾರ ಕಲೆಯ ಸಂರಕ್ಷಣೆ ಮತ್ತು ಅಭಿವೃದ್ಧಿ: ಒಂದು ಅಧ್ಯಯನ." ಈ "ನಶಿಸುತ್ತಿರುವ" ಎಂಬ ಪದವನ್ನು ದಯವಿಟ್ಟು ಬಿಡಿ. ಆಯ್ಕೆ ಸಮಿತಿಯ ಮೇಜಿನ ಮೇಲೆ ಡೊಳ್ಳೂ ನಶಿಸುತ್ತಿರುತ್ತದೆ, ಯಕ್ಷಗಾನವೂ ನಶಿಸುತ್ತಿರುತ್ತದೆ, ಓದುವವರ ತಾಳ್ಮೆಯೂ ನಶಿಸುತ್ತಿರುತ್ತದೆ. ಮಲೆನಾಡು ಎಂದರೆ ಎಷ್ಟು ಜಿಲ್ಲೆ? ಒಬ್ಬಳು ಒಂದು ವರ್ಷದಲ್ಲಿ ಹೇಗೆ ಸಂರಕ್ಷಿಸುತ್ತಾಳೆ? ಓದುವವರಿಗೆ ಮೊದಲು ಏಳುವ ಪ್ರಶ್ನೆ ಇದು, ಉತ್ತರ ಆ ಹಾಳೆಯಲ್ಲಿ ಇರುವುದಿಲ್ಲ.

ಸಣ್ಣದು ಮಾಡೋಣ. ಮಲೆನಾಡು ಬೇಡ, ಸಾಗರ ತಾಲ್ಲೂಕು ಸಾಕು. ತಾಲ್ಲೂಕೂ ಬೇಡ, ಎರಡು ಊರು. ಚಿತ್ತಾರವೆಲ್ಲ ಬೇಡ. ಮದುವೆಗೆಂದು ಗೋಡೆಯ ಮೇಲೆ ಬರೆಯುವ ಹಸೆಗೋಡೆ ಒಂದು, ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಭೂಮಣ್ಣಿ ಬುಟ್ಟಿ ಇನ್ನೊಂದು. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಬರೆಯುವ ಆ ಬುಟ್ಟಿಯನ್ನಷ್ಟೇ ಹಿಡಿಯಲಿ. ಹಿಡಿದು ಒಂದು ಪ್ರಶ್ನೆ ಕೇಳಲಿ: ಪುಂಡಿನಾರಿನ ಕುಂಚ ಹೋಗಿ ಅಂಗಡಿಯ ಬ್ರಷ್ ಬಂದ ಮನೆಗಳಲ್ಲಿ ಎಳೆಯ ದಪ್ಪ ಬದಲಾಗಿದೆಯೇ? ಎಳೆ ಬದಲಾದರೆ ವಿನ್ಯಾಸದಲ್ಲಿ ಏನನ್ನು ಬಿಡುತ್ತಾರೆ? ಇದು ಒಂದು ವರ್ಷದಲ್ಲಿ ಉತ್ತರ ಸಿಗುವ ಪ್ರಶ್ನೆ. 12 ಜನ ಬರೆಯುವವರ ಮಾತು, 30 ಬುಟ್ಟಿಗಳ ಫೋಟೋ, ಅಳತೆಯ ಸಮೇತ. ಕೊನೆಗೆ ಒಂದು ಸಚಿತ್ರ ಪುಸ್ತಿಕೆ, ಅದರ ಪ್ರತಿ ಬರೆದುಕೊಟ್ಟವರ ಮನೆಗೂ. ಅಷ್ಟೇ.

ವಿಷಯ ಸಣ್ಣದಾದ ಕೂಡಲೇ ಕೆಲಸದ ಪಟ್ಟಿ ತಾನಾಗಿ ಮೂಡುತ್ತದೆ. ಬುಟ್ಟಿ ಬರೆಯುವುದು ಯಾವಾಗ? ವಿಜಯದಶಮಿ ಕಳೆದು ಭೂಮಿ ಹುಣ್ಣಿಮೆಯ ಒಳಗೆ. ನಡುವೆ ಇರುವುದು ಐದೇ ದಿನ! ಅರ್ಜಿಯಲ್ಲಿ "ಮೊದಲ ಮೂರು ತಿಂಗಳು ಕ್ಷೇತ್ರಕಾರ್ಯ" ಎಂದು ಬರೆದು, ಹಣ ಶುರುವಾಗುವುದು ಜೂನ್‌ನಲ್ಲಿ ಎಂದಾದರೆ? ಹೊಯ್ಯುವ ಮಳೆಯಲ್ಲಿ ಯಾರ ಮನೆಯಲ್ಲೂ ಬುಟ್ಟಿ ಬರೆಯುತ್ತಿರುವುದಿಲ್ಲ, ಎಲ್ಲರೂ ಗದ್ದೆಯಲ್ಲಿ. ಹಾಗಾಗಿ ಜೂನ್, ಜುಲೈ ಓದಿಗೆ, ಕೆಳದಿಯ ವಸ್ತುಸಂಗ್ರಹಾಲಯಕ್ಕೆ. ಆಗಸ್ಟ್, ಸೆಪ್ಟೆಂಬರ್ ಮನೆಮನೆಗೆ ಹೋಗಿ ಪರಿಚಯ, ಒಪ್ಪಿಗೆ. ಬುಟ್ಟಿಯ ಐದು ದಿನ ಕ್ಯಾಮರಾ, ಜೊತೆಗೆ ಸಹಾಯಕ್ಕೆ ಒಬ್ಬರು, ಯಾಕೆಂದರೆ ಎರಡೂ ಊರಲ್ಲಿ ಒಂದೇ ಹೊತ್ತಿಗೆ ಬರೆಯುತ್ತಿರುತ್ತಾರೆ. ನವೆಂಬರ್‌ನಿಂದ ಸಂದರ್ಶನ. ಅಡಿಕೆ ಕೊಯ್ಲಿನ ಹೊತ್ತು, ಹಗಲು ಯಾರೂ ಸಿಗುವುದಿಲ್ಲ, ಸಂಜೆ ಹೋಗಬೇಕು. ಹಣ ಡಿಸೆಂಬರ್‌ನಲ್ಲಿ ಶುರುವಾಗುವುದಾದರೆ ಬುಟ್ಟಿಗಾಗಿ ಹತ್ತು ತಿಂಗಳು ಕಾಯುವ ಬದಲು ಹಸೆಗೋಡೆಗೆ ಹೊರಳಿ, ಮದುವೆಯ ಕಾಲ ಎದುರಿಗಿರುತ್ತದೆ. ಊರಿನ ಪಂಚಾಂಗ ಗೊತ್ತಿರುವ ಅರ್ಜಿ ಇದು ಎಂದು ಓದಿದವರಿಗೆ ಎರಡನೇ ಪುಟದಲ್ಲೇ ತಿಳಿಯುತ್ತದೆ.

ಖರ್ಚಿನ ಪಟ್ಟಿಯೂ ಹಾಗೇ. "ಇತರೆ" ಎಂದು ದೊಡ್ಡ ಮೊತ್ತ ಹಾಕಬೇಡಿ. ಬಸ್ಸಿಗೆ ಎಷ್ಟು ಸಲ, ಬಸ್ ಇಲ್ಲದ ಕಡೆ ಬಾಡಿಗೆ ಆಟೋ ಎಷ್ಟು, ಬಿಡಿಸಿ ಬರೆಯಿರಿ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ಐದಾರು ಗಂಟೆ ಹಿಡಿಯುತ್ತದೆ. 12 ಗಂಟೆಯ ಮಾತೆಂದರೆ 60ರಿಂದ 72 ಗಂಟೆಯ ಕೆಲಸ. ಅದನ್ನು ಲೆಕ್ಕಕ್ಕೆ ತಗೊಳ್ಳದೆ ಕೊನೆಯ ತಿಂಗಳು ಒದ್ದಾಡುವವರೇ ಹೆಚ್ಚು. ಎರಡು ಗಂಟೆ ಕೂತು ಮಾತಾಡಿದ ಅಜ್ಜಿಗೆ ಗೌರವಧನದ ಸಾಲು ಇರಲೇಬೇಕು. ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ಲಿನ ಪೊಟ್ಟಣ ಕೂಡ ಖರ್ಚೇ.

ಚಿತ್ತಾರದಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದೇ ಅಳತೆ ಎಲ್ಲ ವಿಷಯಕ್ಕೂ. ಶರಾವತಿ ಮುಳುಗಡೆಯ ಇತಿಹಾಸ ಬರೆಯುವವರು ಇಡೀ ಮುಳುಗಡೆ ಬರೆಯಲು ಹೋಗಬೇಡಿ. ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದುಹೋದ ಒಂದೇ ಊರು, ಅದು ಹೋಗಿ ಕೂತ ಒಂದೇ ಜಾಗ ಹಿಡಿಯಿರಿ. ಸಣ್ಣದು ಮಾಡಿ.

ಶಿಫಾರಸು ಪತ್ರಕ್ಕೆ ನಾಲ್ಕು ವಾರ ಮೊದಲು ಕೇಳಿ. ಕೇಳುವಾಗ ಪ್ರಸ್ತಾವದ ಪ್ರತಿಯನ್ನೂ ಕೊಡಿ. ನಿಮ್ಮ ಕೆಲಸ ನೋಡಿದವರ ಪತ್ರ ಬೇಕು. ಶಾಸಕರದ್ದೂ ಬೇಡ, ಮಠದ್ದೂ ಬೇಡ. ಕೆಲಸದ ಮಾದರಿ ಎಂದರೆ ನಿಮ್ಮಲ್ಲಿರುವುದೆಲ್ಲ ಅಲ್ಲ, ಚೆನ್ನಾಗಿರುವ ಹತ್ತು ಚಿತ್ರ, ಒಂದೊಂದರ ಕೆಳಗೆ ಅಳತೆ, ಮಾಧ್ಯಮ, ವರ್ಷ. ನಾಟಕದವರು ಐದು ನಿಮಿಷದ ವೀಡಿಯೋ ಕೊಡಿ, ದೀಪ ಬೆಳಗಿಸಿದ್ದು, ಅತಿಥಿಗಳ ಸ್ವಾಗತ ಕತ್ತರಿಸಿ. ಡ್ರೈವ್ ಲಿಂಕ್ ಕಳಿಸುವ ಮೊದಲು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಅನುಮತಿ ಕೇಳುವ ಲಿಂಕನ್ನು ಯಾರೂ ಎರಡನೇ ಸಲ ಒತ್ತುವುದಿಲ್ಲ.

ರೆಸಿಡೆನ್ಸಿಗೆ ಹೋಗುವವರು ಮೂರು ಕೇಳಿಕೊಳ್ಳಿ: ಹೋಗಿ ಬರುವ ಖರ್ಚು ಯಾರದ್ದು, ಸಾಮಗ್ರಿ ಯಾರದ್ದು, ಕೊನೆಗೆ ಅಲ್ಲಿ ಏನು ಬಿಟ್ಟು ಬರಬೇಕು. ಅರ್ಜಿಗೆ ಸಣ್ಣ ಶುಲ್ಕ ಕೇಳಿದರೆ ಅದು ಬೇರೆ ಮಾತು. ಆಯ್ಕೆಯಾಗಿದ್ದೀರಿ, ಉಳಿಯಲು ಇಷ್ಟು ಸಾವಿರ ಕಟ್ಟಿ ಎಂದರೆ ಅದು ಹೋಮ್‌ಸ್ಟೇ. ನಮ್ಮಲ್ಲೇ ಬೇಕಾದಷ್ಟಿವೆ.

ಕೊನೆಯದು, ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ ಎಂದಾದರೆ, ಆಯ್ಕೆಯಾದ ಮೇಲೂ ಮೊದಲ ಕಂತು ತಿಂಗಳುಗಟ್ಟಲೆ ನಿಲ್ಲುತ್ತದೆ. ತಿದ್ದುಪಡಿಗೆ ಈ ವಾರವೇ ಹೋಗಿ. ನಮಸ್ಕಾರ.