ಮರಿ ಬರುವ ರಾತ್ರಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ರಾತ್ರಿ ಎರಡು ಗಂಟೆಗೆ ಕುರಿ ದೊಡ್ಡಿಯೊಳಗೆ ಎಂಥ ಸದ್ದಿರುತ್ತದೆ ಗೊತ್ತಾ? ಮೆಲುಕು ಹಾಕುವ ಸದ್ದು. ನೂರಾರು ಬಾಯಿಗಳು, ನಿಧಾನಕ್ಕೆ, ಒಂದೇ ಸಮನೆ. ಅದರ ನಡುವೆ ಯಾವುದೋ ಮೂಲೆಯಲ್ಲಿ ಒಣಹುಲ್ಲನ್ನು ಕಾಲಿನಿಂದ ಕೆದರುವ ಸದ್ದು ಕೇಳಿಸಿದರೆ ಎದ್ದು, ಟಾರ್ಚ್ ಹಿಡಿದು, ಮೆಲ್ಲಗೆ ಹೋಗಿ ನೋಡಬೇಕು. ಯಾವುದೋ ಕುರಿ ಈಯಲು ಜಾಗ ಮಾಡಿಕೊಳ್ಳುತ್ತಿರುತ್ತದೆ.

ನಾನು ಹಾಗೆ 14 ರಾತ್ರಿ ಕಳೆದೆ. ಕುರಿ ಸಾಕುವ ಅಕ್ಕ ಒಬ್ಬರಿದ್ದಾರೆ, ಮರಿ ಹಾಕುವ ಕಾಲದಲ್ಲಿ ಅವರಿಗೆ ಸಹಾಯಕ್ಕೆ ಅಂತ ಹೋದವ ನಾನು. ಕುರಿಯ ಗಂಧಗಾಳಿ ಗೊತ್ತಿರಲಿಲ್ಲ. ಹೋಗುವಾಗ ತಲೆಯಲ್ಲಿದ್ದದ್ದು ಇಷ್ಟೇ: ಕುರಿ ನೋವು ತಿನ್ನುತ್ತಿರುತ್ತದೆ, ನಾನು ತೋಳು ಮಡಚಿಕೊಂಡು ಮರಿಯನ್ನು ಎಳೆದು ತೆಗೆಯುತ್ತೇನೆ. ಮೊದಲ ದಿನವೇ ಅಕ್ಕ ಹೇಳಿದರು, "ನೋಡೋದನ್ನ ಕಲಿ ಮೊದಲು. ಕೈ ಹಾಕೋದು ಆಮೇಲೆ." ಆ ಮಾತು ನನಗೆ ಆಗ ಸ್ವಲ್ಪ ಬೇಜಾರು ತಂದಿತ್ತು. ಎರಡು ವಾರ ಮುಗಿಯುವ ಹೊತ್ತಿಗೆ ನಾನು ಕಲಿತದ್ದೆಲ್ಲ ಅದರೊಳಗೇ ಇತ್ತು.

ಈ ಕಾಲದಲ್ಲಿ ಸಹಾಯಕ್ಕೆ ಜನ ಯಾಕೆ ಬೇಕಾಗುತ್ತಾರೆ ಅಂತ ಹೇಳಿಬಿಡುತ್ತೇನೆ. ಕುರಿಯ ಗಬ್ಬದ ಕಾಲ ಸುಮಾರು 147 ದಿನ, ಐದು ತಿಂಗಳಿಗೆ ನಾಲ್ಕೈದು ದಿನ ಕಮ್ಮಿ. ಕುರಿ ಬೆದೆಗೆ ಬರುವುದು ಹೆಚ್ಚುಕಡಿಮೆ 17 ದಿನಕ್ಕೊಮ್ಮೆ. ಹಾಗಾಗಿ ಮಂದೆಗೆ ಟಗರು ಬಿಟ್ಟ ಮೇಲೆ ಮೊದಲ ಎರಡೂವರೆ ವಾರದಲ್ಲೇ ಹೆಚ್ಚಿನವು ಗಬ್ಬ ಕಟ್ಟಿದರೆ, ಈಯುವುದೂ ಅಷ್ಟೇ ದಿನಗಳೊಳಗೆ ಒಟ್ಟೊಟ್ಟಿಗೆ. ಒಂದು ದಿನ ಏನೂ ಇಲ್ಲ. ಮರುದಿನ ರಾತ್ರಿ ಒಂಬತ್ತು, ಹತ್ತು, ಹನ್ನೆರಡು. ಒಬ್ಬರೇ ಮನುಷ್ಯರು ಎಷ್ಟು ಅಂತ ಎಚ್ಚರ ಇರಬಹುದು ಹೇಳಿ.

ಇನ್ನೊಂದು ಮಾತು, ಇದನ್ನು ಕೊನೆಗೆ ಇಟ್ಟುಕೊಳ್ಳುವುದು ಸರಿಯಲ್ಲ, ಈಗಲೇ ಹೇಳುತ್ತೇನೆ. ಬಸುರಿಯರು ಈ ಕೆಲಸಕ್ಕೆ ಹೋಗಬಾರದು. ಈಯುವ ಕುರಿ, ಆಗ ಹುಟ್ಟಿದ ಮರಿ, ಬಿದ್ದ ಮಾಸು, ಕಂದು ಹಾಕಿದ, ಅಂದರೆ ಗರ್ಭಪಾತವಾದ ಕುರಿ, ಇವುಗಳಿಂದ ಬರುವ ಕೆಲವು ಸೋಂಕುಗಳು ಹೊಟ್ಟೆಯೊಳಗಿನ ಮಗುವಿಗೆ ಅಪಾಯ ಮಾಡುತ್ತವೆ. ದೊಡ್ಡಿಯಲ್ಲಿ ಹಾಕಿದ್ದ ಬಟ್ಟೆ ಒಗೆಯುವುದೂ ಬೇಡ. ಉಳಿದವರೂ ಅಷ್ಟೇ, ಕೈಗವಸು ಬೇಕು, ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಯಾರಾದರೂ ಸಹಾಯಕ್ಕೆ ಕರೆದರೆ ನೇರವಾಗಿ ಹೇಳಿಬಿಡಿ.

ಸರಿ, ನೋಡುವುದು ಅಂದರೆ ಏನು ನೋಡುವುದು?

ಮೊದಮೊದಲು ನನಗೆ ಎಲ್ಲ ಕುರಿಗಳೂ ಒಂದೇ ಥರ ಕಾಣುತ್ತಿದ್ದವು. ನಾಲ್ಕನೇ ರಾತ್ರಿಯ ಹೊತ್ತಿಗೆ ಕಣ್ಣು ಪಳಗಿತು. ಈಯುವ ಹೊತ್ತು ಹತ್ತಿರ ಬಂದ ಕುರಿ ಗುಂಪಿನಿಂದ ದೂರ ಸರಿಯುತ್ತದೆ. ಮೇವು ಹಾಕಿದರೆ ಬರುವುದಿಲ್ಲ. ನೆಲ ಕೆದರುತ್ತದೆ, ಮೂಸುತ್ತದೆ, ಮಲಗುತ್ತದೆ, ಏಳುತ್ತದೆ, ಸುತ್ತು ಬಂದು ಮತ್ತೆ ಅಲ್ಲೇ ಮಲಗುತ್ತದೆ. ಪಕ್ಕೆಗಳ ಹತ್ತಿರ ಗುಳಿ ಬಿದ್ದಿರುತ್ತದೆ, ಕೆಚ್ಚಲು ತುಂಬಿ ಬಿಗಿದಿರುತ್ತದೆ. ಆಮೇಲೆ ತಲೆ ಮೇಲೆತ್ತಿ, ತುಟಿ ಸುರುಳಿ ಮಾಡಿ ತಿಣುಕಲು ಶುರು ಮಾಡುತ್ತದೆ. ಇದಿಷ್ಟೂ ಆಗುವುದಕ್ಕೆ ಕೆಲವು ಗಂಟೆ ಹಿಡಿಯಬಹುದು. ಅಷ್ಟೂ ಹೊತ್ತು ನಾವು ಮಾಡುವ ಕೆಲಸ ಏನೂ ಇಲ್ಲ, ದೂರ ನಿಲ್ಲಬೇಕು. ಹತ್ತಿರ ಹೋಗಿ ಗಾಬರಿ ಮಾಡಿದರೆ ಅದು ಎದ್ದು ಓಡುತ್ತದೆ, ನೋವು ನಿಂತುಹೋಗುತ್ತದೆ.

ಎಲ್ಲ ಸರಿಯಿದ್ದರೆ ಮೊದಲು ನೀರಿನ ಚೀಲ, ಆಮೇಲೆ ಎರಡು ಪುಟ್ಟ ಗೊರಸು, ಅವುಗಳ ಮೇಲೆ ಒಂದು ಮೂಗು. ಈಜುವವರು ಕೈ ಚಾಚಿ ನೀರಿಗೆ ಹಾರುತ್ತಾರಲ್ಲ, ಆ ಭಂಗಿ. ಇದು ಕಂಡರೆ ನಮ್ಮ ಕೆಲಸ ಮುಗಿದಂತೆ, ಮಿಕ್ಕದ್ದನ್ನು ತಾಯಿ ನೋಡಿಕೊಳ್ಳುತ್ತದೆ. ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಏನೂ ಮುಂದೆ ಬರದಿದ್ದರೆ, ಅಥವಾ ಮೂಗು ಕಾಣಿಸಿ ಕಾಲು ಕಾಣದಿದ್ದರೆ, ಬರೀ ಬಾಲ ಕಂಡರೆ, ಆಗ ಸುಮ್ಮನಿರುವಂತಿಲ್ಲ. ಗೊತ್ತಿದ್ದವರನ್ನು ಎಬ್ಬಿಸಬೇಕು, ಅವರಿಗೂ ಆಗದಿದ್ದರೆ ಪಶುವೈದ್ಯರು.

ಏಳನೇ ರಾತ್ರಿ ಹಾಗೇ ಆಯಿತು. ಚೊಚ್ಚಲ ಕುರಿ. ಮರಿಯ ತಲೆ ಪೂರ್ತಿ ಹೊರಗೆ, ಕಾಲು ಒಂದೇ. ನಾಲಿಗೆ ಊದಿಕೊಂಡು ಪಕ್ಕಕ್ಕೆ ಬಂದಿತ್ತು. ಅಕ್ಕನನ್ನು ಎಬ್ಬಿಸಿದೆ. ಅವರು ಬಂದು ನೋಡಿ, "ನನ್ನ ಕೈ ದಪ್ಪ, ಇದು ಸಣ್ಣ ಕುರಿ, ನೀನೇ ಹಾಕು, ನಾನು ಹೇಳ್ತೀನಿ" ಅಂದರು. ಉಗುರು ಕತ್ತರಿಸಿದ್ದೆ, ಮೊಣಕೈವರೆಗೆ ಕೈಗವಸು, ಮೇಲೆ ಧಾರಾಳ ಜೆಲ್. ಕುರಿ ತಿಣುಕುವುದನ್ನು ನಿಲ್ಲಿಸುವ ಆ ಸಣ್ಣ ಬಿಡುವಿನಲ್ಲಿ ಮರಿಯ ತಲೆಯನ್ನು ಮೆಲ್ಲಗೆ ಸ್ವಲ್ಪ ಹಿಂದಕ್ಕೆ ಒತ್ತಿ, ಅದರ ಪಕ್ಕದಿಂದ ಬೆರಳು ಇಳಿಸಿದೆ.

ಒಳಗೆ ಬಿಸಿ. ಕಣ್ಣಿಗೆ ಏನೂ ಕಾಣದ ಜಾಗ, ಬೆರಳಿಗೆ ಮಾತ್ರ ಕಾಣುವ ಜಾಗ. ಭುಜ ಸಿಕ್ಕಿತು, ಅಲ್ಲಿಂದ ಕೆಳಗೆ ಮೊಣಕಾಲು, ಅದರ ಕೆಳಗೆ ಇನ್ನೊಂದು ಕೀಲು. "ಎರಡೂ ಕೀಲು ಒಂದೇ ಕಡೆ ಮಡಚ್ತಾ?" ಅಂತ ಅಕ್ಕ ಕೇಳಿದರು. ಹೌದು. ಹಾಗಿದ್ದರೆ ಅದು ಮುಂಗಾಲು. ಹಿಂಗಾಲಾದರೆ ಒಂದು ಕೀಲು ಈ ಕಡೆ, ಇನ್ನೊಂದು ಆ ಕಡೆ. ಭುಜದಿಂದ ಹಿಡಿದು ಕಾಲನ್ನು ತಡವಿ ನೋಡಬೇಕಾದದ್ದೂ ಅದಕ್ಕೇ, ಅವಳಿ ಮರಿಯಿದ್ದರೆ ಒಂದರ ತಲೆ, ಇನ್ನೊಂದರ ಕಾಲು ಹಿಡಿದು ಎಳೆದುಬಿಡುವ ಅಪಾಯ ಇರುತ್ತದೆ. ಗೊರಸನ್ನು ಅಂಗೈಯೊಳಗೆ ಮುಚ್ಚಿಕೊಂಡೆ, ಅದರ ತುದಿ ಗರ್ಭಕೋಶವನ್ನು ಗೀರಬಾರದು. ಹಾಗೇ ಮುಂದಕ್ಕೆ ತಂದೆ. ಆಮೇಲೆ ಕುರಿ ತಿಣುಕಿದಾಗ ಮಾತ್ರ ಎಳೆತ, ನೇರವಾಗಿ ಅಲ್ಲ, ಕೆಳಮುಖವಾಗಿ, ಅದು ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು. ಮೂರನೇ ಸಲಕ್ಕೆ ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು.

ಉಸಿರಿಲ್ಲ. ಹಳದಿ ಲೋಳೆ ಮೆತ್ತಿದ, ಒದ್ದೆ ಬಟ್ಟೆಯ ಹಾಗೆ ಬಿದ್ದ ಒಂದು ಮುದ್ದೆ. ಅಕ್ಕ ಬೆರಳಿಂದ ಬಾಯಿ ಮೂಗು ಒರೆಸಿದರು, ಒಂದು ಹುಲ್ಲುಕಡ್ಡಿ ತೆಗೆದು ಮೂಗಿನ ಹೊಳ್ಳೆಯೊಳಗೆ ಆಡಿಸಿದರು, ನಾನು ಹುಲ್ಲಿನ ಹಿಡಿಯಿಂದ ಪಕ್ಕೆ ಉಜ್ಜುತ್ತಿದ್ದೆ. ಜೋರಾಗಿ ಉಜ್ಜು, ಜೋರಾಗಿ, ಅನ್ನುತ್ತಲೇ ಇದ್ದರು. ಆಮೇಲೆ ಮರಿ ಸೀನಿತು. ತಲೆ ಕೊಡವಿತು, ಕಿವಿಗಳು ಪಟಪಟ ಅಂದವು. ಎತ್ತಿ ತಾಯಿಯ ಮೂತಿಯ ಮುಂದಿಟ್ಟೆವು.

ಆಗ ಆ ಕುರಿ ಒಂದು ಸದ್ದು ಮಾಡಿತು. ಬ್ಯಾ ಅನ್ನುವ ಕೂಗಲ್ಲ. ಬಾಯಿ ಮುಚ್ಚಿಕೊಂಡೇ, ಗಂಟಲ ಒಳಗಿಂದ ಬರುವ ಗುರುಗುರು. ಮರಿಯ ಜೊತೆ ಮಾತ್ರ ಆಡುವ ಮಾತು ಅದು. ಜೀವಮಾನದಲ್ಲಿ ಮೊದಲ ಸಲ ಮರಿ ಕಂಡ ಕುರಿಗೂ ಅದು ಬರುತ್ತದೆ. ಕೇಳಿದಾಗ ನನಗೆ ಕಣ್ಣು ತುಂಬಿತ್ತು, ಈಗ ಹೇಳುವಾಗಲೂ ಗಂಟಲು ಬಿಗಿಯುತ್ತದೆ.

ಮರಿ ಹೊರಗೆ ಬಂತು, ಇನ್ನೇನು ಅಂತ ಕೇಳಬಹುದು. ನನ್ನ ಪ್ರಕಾರ ಸಹಾಯಕ್ಕೆ ಹೋದವರ ನಿಜವಾದ ಕೆಲಸ ಅಲ್ಲಿಂದ ಶುರು. ಹೊಕ್ಕುಳ ಬಳ್ಳಿಯನ್ನು ಅಯೋಡಿನ್‌ನಲ್ಲಿ ಅದ್ದಬೇಕು, ಇಲ್ಲದಿದ್ದರೆ ಅಲ್ಲಿಂದ ಸೋಂಕು ಹತ್ತಿ ಕೀಲು ಊದುತ್ತದೆ. ಆಮೇಲೆ ಗಿಣ್ಣದ ಹಾಲು. ತಾಯಿಯ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿರುವಾಗ ಕುರಿಮರಿಗೆ ದಾಟುವುದಿಲ್ಲ. ಅಂದರೆ ಮರಿ ಹುಟ್ಟುವಾಗ ಬರಿಗೈಲಿ ಬರುತ್ತದೆ. ಬೇಕಾದದ್ದೆಲ್ಲ ಆ ದಪ್ಪ ಹಳದಿ ಹಾಲಿನಲ್ಲೇ ಇರುವುದು, ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಹೆಚ್ಚೆಂದರೆ ಮೊದಲ 24 ಗಂಟೆ, ಅದೂ ಗಂಟೆ ಗಂಟೆಗೂ ಕಮ್ಮಿಯಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಎರಡು ಗಂಟೆಯೊಳಗೆ ಹೊಟ್ಟೆ ತುಂಬಿದರೆ ಒಳ್ಳೆಯದು. ಲೆಕ್ಕ ಹೀಗೆ: ಮರಿಯ ತೂಕದ ಕಿಲೋಗೆ ಒಂದು ಸಲಕ್ಕೆ 50 ಮಿಲಿಲೀಟರ್. ನಾಲ್ಕು ಕಿಲೋ ಮರಿಗೆ 200.

ಮರಿ ತೊಟ್ಟಿನ ಹತ್ತಿರ ನಿಂತಿದೆ ಅಂದರೆ ಕುಡಿದಿದೆ ಅಂತಲ್ಲ, ಇದನ್ನು ಕಲಿಯಲು ನನಗೆ ಒಂದು ಮರಿ ಸಾಯಬೇಕಾಯಿತು. ತೊಟ್ಟಿನ ತುದಿಯಲ್ಲಿ ಮೇಣದಂಥದ್ದು ಕಟ್ಟಿಕೊಂಡಿರುತ್ತದೆ. ಎರಡು ಸಲ ಹಿಂಡಿ ಹಾಲು ಬರುವುದನ್ನು ಕಣ್ಣಾರೆ ನೋಡಬೇಕು. ನಾನು ನೋಡಿರಲಿಲ್ಲ. ಮರಿ ಇಡೀ ರಾತ್ರಿ ಚೀಪುತ್ತಿತ್ತು, ಬಾಲ ಕೂಡ ಆಡಿಸುತ್ತಿತ್ತು, ಹಾಲು ಬಂದಿರಲೇ ಇಲ್ಲ. ಬೆಳಿಗ್ಗೆ ಬೆನ್ನು ಗೂನು ಮಾಡಿ ನಿಂತಿತ್ತು. ಅದರ ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಆರೋಗ್ಯವಾದ ಮರಿಯ ಮೈ 39ರಿಂದ 40 ಡಿಗ್ರಿ ಇರಬೇಕು, ಅದರದ್ದು 36 ತೋರಿಸಿತು. ಐದಾರು ಗಂಟೆ ದಾಟಿದ ಮರಿ ಹಾಗೆ ತಣ್ಣಗಾಗಿದ್ದರೆ ಅದರೊಳಗಿನ ಕೊಬ್ಬೆಲ್ಲ ಉರಿದು ಮುಗಿದಿರುತ್ತದೆ. ಮೊದಲು ಗ್ಲೂಕೋಸ್ ಚುಚ್ಚುಮದ್ದು ಕೊಡದೆ ದೀಪದ ಕೆಳಗೆ ಬೆಚ್ಚಗೆ ಮಾಡಿದರೆ ಸೆಟೆದುಕೊಂಡು ಸಾಯುತ್ತದೆ. ನಾನು ಅಕ್ಕನನ್ನು ಕರೆಯುವ ಮುಂಚೆ ಅದನ್ನು ದೀಪದ ಕೆಳಗಿಟ್ಟಿದ್ದೆ. ಒಳ್ಳೆಯದಾಗಲಿ ಅಂತಲೇ ಇಟ್ಟಿದ್ದೆ.

ಅಕ್ಕ ಬೈಯಲಿಲ್ಲ. ಮಧ್ಯಾಹ್ನ ಮರಿಯ ಹೊಟ್ಟೆಯೊಳಗೆ ನೇರ ಹಾಲು ಬಿಡುವ ಕೊಳವೆ ಹಾಕುವುದನ್ನು ಹೇಳಿಕೊಟ್ಟರು: ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳತೆ ಹಿಡಿದು, ಬಾಯಿಯ ಪಕ್ಕದಿಂದ ನಿಧಾನಕ್ಕೆ ಇಳಿಸುವುದು, ತಲೆ ಎತ್ತಲು ತ್ರಾಣವಿಲ್ಲದ ಮರಿಗೆ ಮಾತ್ರ ಹಾಕಲೇಬಾರದು, ಹಾಲು ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಅವತ್ತಿಂದ ನಾನು ಪ್ರತಿ ಕುರಿಯ ಎರಡೂ ತೊಟ್ಟು ಹಿಂಡಿ ನೋಡದೆ ಮುಂದೆ ಹೋಗಲಿಲ್ಲ. ಮರಿಯ ಹೊಟ್ಟೆ ಮುಟ್ಟಿ ನೋಡುವುದು, ಬಾಯೊಳಗೆ ಬೆರಳಿಡುವುದು, ಒಂದು ಸುತ್ತು ಮುಗಿಯುವ ಹೊತ್ತಿಗೆ ಮತ್ತೆ ಮೊದಲಿನಿಂದ.

ಒಂದು ತಬ್ಬಲಿಯ ಕಥೆ ಹೇಳಬೇಕು. ಒಂದು ಕುರಿಗೆ ಮೂರು ಮರಿ ಹುಟ್ಟಿದವು, ತೊಟ್ಟು ಎರಡೇ ಅಲ್ವಾ, ಮೂರನೆಯದು ಹಿಂದೆ ಬಿತ್ತು. ಅದೇ ರಾತ್ರಿ ಇನ್ನೊಂದು ಕುರಿಗೆ ಸತ್ತ ಮರಿ ಹುಟ್ಟಿತು. ಕೆಚ್ಚಲು ತುಂಬ ಹಾಲು, ಆ ಸತ್ತ ಮರಿಯನ್ನು ನೆಕ್ಕುತ್ತಾ, ಕಾಲಿಂದ ಮುಟ್ಟಿ ಎಬ್ಬಿಸಲು ನೋಡುತ್ತಾ ನಿಂತಿತ್ತು. ಕುರಿ ತನ್ನ ಮರಿಯನ್ನು ಗುರುತು ಹಿಡಿಯುವುದು ವಾಸನೆಯಿಂದ, ಈದ ಒಂದೆರಡು ಗಂಟೆಯೊಳಗೆ ಆ ವಾಸನೆ ಅದರ ಮನಸ್ಸಿನಲ್ಲಿ ಕೂತುಬಿಡುತ್ತದೆ, ಬೇರೆ ಮರಿ ಬಂದರೆ ತಲೆಯಿಂದ ಗುದ್ದುತ್ತದೆ. ಅಕ್ಕ ಸತ್ತ ಮರಿಯ ಚರ್ಮ ಬಿಡಿಸಿದರು, ಕಾಲಿಗೆ ನಾಲ್ಕು ತೂತು ಬಿಟ್ಟು, ಅಂಗಿಯ ಹಾಗೆ. ಅದನ್ನು ಆ ತಬ್ಬಲಿಗೆ ತೊಡಿಸಿದರು. ನೋಡಲು ಕಷ್ಟವಾಯಿತು ನನಗೆ, ಮುಚ್ಚಿಡುವುದಿಲ್ಲ. ಮರಿಯನ್ನು ಪುಟ್ಟ ಗೂಡಿನಂಥ ಜಾಗದಲ್ಲಿ, ಮರಿ ಕಳೆದುಕೊಂಡ ಆ ಕುರಿಯ ಹತ್ತಿರ ಬಿಟ್ಟೆವು. ಕುರಿ ಬಾಲದ ಬುಡ ಮೂಸಿತು. ಹಿಂದೆ ಸರಿಯಿತು. ಮತ್ತೆ ಮೂಸಿತು. ತುಂಬಾ ಹೊತ್ತು ಹಾಗೇ ನಿಂತಿತ್ತು. ಕೊನೆಗೆ ಗುರುಗುರು ಅಂದಿತು, ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಮೂರನೇ ದಿನ ಆ ಚರ್ಮ ತೆಗೆದಾಗ ಅದಕ್ಕೆ ಗೊತ್ತೇ ಆಗಲಿಲ್ಲ, ಅಷ್ಟರಲ್ಲಿ ಅದರ ಹಾಲಿನ ವಾಸನೆಯೇ ಮರಿಯ ಮೈಗೆ ಬಂದಿತ್ತು.

ಇದೆಲ್ಲದರ ಜೊತೆ ಇನ್ನೊಂದು ರಾಶಿ ಕೆಲಸ ಇರುತ್ತದೆ, ಯಾರೂ ಹೇಳದ ಕೆಲಸ. ನೀರು ಹೊರುವುದು, ಒದ್ದೆ ಹುಲ್ಲು ತೆಗೆದು ಒಣಹುಲ್ಲು ಹಾಸುವುದು, ಬಿದ್ದ ಮಾಸನ್ನು ಎತ್ತುವುದು, ತಾಯಿಗೂ ಮರಿಗೂ ಒಂದೇ ನಂಬರು ಬರೆಯುವುದು, ಯಾವುದು ಎಷ್ಟು ಹೊತ್ತಿಗೆ ಈಯಿತು ಅಂತ ಹಲಗೆಯಲ್ಲಿ ಗೀಚುವುದು. ಹೊಸಬರಿಗೆ ಇದೇ ಜಾಸ್ತಿ ಸಿಗುತ್ತದೆ. ದಯವಿಟ್ಟು ಇದನ್ನು ಕೀಳು ಅಂತ ತಿಳಿಯಬೇಡಿ, ಒಣ ಹಾಸಿಗೆಯಿಂದ ಉಳಿದ ಮರಿಗಳ ಲೆಕ್ಕ ಯಾವ ಹಲಗೆಯ ಮೇಲೂ ಬರುವುದಿಲ್ಲ.

31ನೇ ನಂಬರಿನ ಕುರಿಯ ವಿಷಯ ಹೇಳಿ ಮುಗಿಸುತ್ತೇನೆ. ಆರು ರಾತ್ರಿ ಅದನ್ನು ಕಾದೆ. ಕೆಚ್ಚಲು ತುಂಬಿತ್ತು, ನೆಲ ಕೆದರುತ್ತಿತ್ತು, ಇನ್ನೇನು ಈಯಿತು ಅಂದುಕೊಂಡು ಟಾರ್ಚ್ ಹಿಡಿದು ಹೋದರೆ ನನ್ನ ಮುಖ ನೋಡಿ ಮೆಲುಕು ಹಾಕುತ್ತಿತ್ತು. ನಾನು ಹೊರಡುವ ದಿನವೂ ಈದಿರಲಿಲ್ಲ. ಎರಡು ದಿನ ಬಿಟ್ಟು ಅಕ್ಕನಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದೇ ಅದನ್ನು. ನಟ್ಟ ನಡು ಹಗಲಲ್ಲಿ, ಎಲ್ಲರೂ ಆಚೆ ಕೊಟ್ಟಿಗೆಯಲ್ಲಿದ್ದಾಗ, ತಾನೇ ಈದು, ಎರಡೂ ಮರಿಗಳನ್ನು ನೆಕ್ಕಿ ಒಣಗಿಸಿ ನಿಂತಿತ್ತಂತೆ. ಅಕ್ಕ ಹೋಗಿ ನೋಡುವಾಗ ಎರಡೂ ಹಾಲು ಕುಡಿಯುತ್ತಿದ್ದವು.

"ತೊಟ್ಟು ಹಿಂಡಿ ನೋಡಿದ್ರಾ ಅಕ್ಕ?" ಅಂದೆ.

"ನೋಡಿದೆ ಮಾರಾಯ," ಅಂದರು.

ನಮಸ್ಕಾರ.