ಬೆಂಗಳೂರಿನ ಸೆನೊಟಾಫ್: ಗೋರಿ ಹೋಯ್ತು, ಕಂಬ ಹೋಯ್ತು, ರಸ್ತೆಯ ಹೆಸರೂ ಹೋಯ್ತು

[ದೃಶ್ಯ: ಹಡ್ಸನ್ ಸರ್ಕಲ್‌ನ ಟ್ರಾಫಿಕ್. ಕ್ಯಾಮೆರಾ ನಿಧಾನವಾಗಿ ಸುತ್ತುತ್ತದೆ.]

ನಮಸ್ಕಾರ. ಬೆಂಗಳೂರಿನ ಕಾರ್ಪೊರೇಷನ್ ಹತ್ರ ಸಿಗ್ನಲ್ ಬಿದ್ದಾಗ ಒಂದು ಸಲ ಸುತ್ತ ಕಣ್ಣು ಹಾಯಿಸಿ. 1904ರ ಹಡ್ಸನ್ ಚರ್ಚ್ ಇದೆ, ಕಾರ್ಪೊರೇಷನ್ ಕಟ್ಟಡದ ಮುಂದೆ ಕೆಂಪೇಗೌಡರ ಪ್ರತಿಮೆ ಇದೆ, ಆ ಕಡೆ ನೃಪತುಂಗ ರಸ್ತೆ. 1964ರ ಅಕ್ಟೋಬರ್‌ವರೆಗೆ ಇಲ್ಲಿ ಇನ್ನೊಂದು ವಸ್ತುವಿತ್ತು. ಮೇಲೆ ಹೋಗ್ತಾ ಹೋಗ್ತಾ ಚೂಪಾಗುವ ಎತ್ತರದ ಕಲ್ಲಿನ ಕಂಬ, ಬುಡದಲ್ಲಿ 1791ರ ಯುದ್ಧದಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು. ಅದೇ ಸೆನೊಟಾಫ್, ಅಂದ್ರೆ ಬೇರೆ ಕಡೆ ಹೂತವರ ನೆನಪಿಗೆ ಮಾತ್ರ ನಿಲ್ಲಿಸಿದ ಸ್ಮಾರಕ. ಈ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಅಂತಲೇ ಹೆಸರು.

ಕಂಬದ ಕೆಳಗೆ ಯಾರನ್ನೂ ಹೂತಿರಲಿಲ್ಲ. ಹೂತಿದ್ದು ಬೇರೆ ಕಡೆ. ಆ ಜಾಗವೂ ಈಗ ಇಲ್ಲ. ಹಾಗಾಗಿ ಇವತ್ತು ನಾವು ಹುಡುಕಬೇಕಾಗಿರೋದು ಎರಡು ಸಲ ಕಾಣೆಯಾದ ಸಮಾಧಿಗಳನ್ನ.

[ದೃಶ್ಯ: 1791ರ ಬೆಂಗಳೂರಿನ ನಕ್ಷೆ. ಪೇಟೆ ಮತ್ತು ಕೋಟೆ ಬೇರೆ ಬೇರೆ ಬಣ್ಣದಲ್ಲಿ.]

ಮೂರನೇ ಮೈಸೂರು ಯುದ್ಧ, ಈಸ್ಟ್ ಇಂಡಿಯಾ ಕಂಪನಿಗೂ ಟಿಪ್ಪು ಸುಲ್ತಾನನಿಗೂ. 1791ರ ಮಾರ್ಚ್ ಮೊದಲ ವಾರ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿಗೆ ಬಂದಿಳಿಯಿತು. ಆಗಿನ ಬೆಂಗಳೂರು ಅಂದ್ರೆ ಎರಡು ಭಾಗ. ಉತ್ತರಕ್ಕೆ ಪೇಟೆ: ಮಣ್ಣಿನ ಗೋಡೆ, ಕಂದಕ, ಮುಳ್ಳುಪೊದೆಯ ಬೇಲಿ. ದಕ್ಷಿಣಕ್ಕೆ ಕಲ್ಲಿನ ಕೋಟೆ. ಮಾರ್ಚ್ 7ರಂದು ಪೇಟೆಯ ಬಾಗಿಲಿಗೆ ನುಗ್ಗುವಾಗ ಮದ್ರಾಸ್ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಜೋಸೆಫ್ ಮೂರ್‌ಹೌಸ್ ಗುಂಡು ತಿಂದು ಸತ್ತ. ಮಾರ್ಚ್ 21ರ ರಾತ್ರಿ, ಬೆಳದಿಂಗಳಲ್ಲಿ, ಫಿರಂಗಿ ಒಡೆದ ಬಿರುಕಿನಿಂದ ಕೋಟೆಯೊಳಕ್ಕೆ ನುಗ್ಗಿದರು. ಆ ಬಿರುಕಿನ ಜಾಗದಲ್ಲಿ ಇಂಗ್ಲಿಷ್ ಬರಹವಿರುವ ಫಲಕವೊಂದು ಇವತ್ತಿಗೂ ಇದೆ. ಸಿಟಿ ಮಾರ್ಕೆಟ್ ಪಕ್ಕ, ಉಳಿದಿರುವ ದೆಹಲಿ ಬಾಗಿಲಿನ ಗೋಡೆ ಹತ್ರ ಹೋಗಿ ನೋಡಬಹುದು. ಟ್ರಾಫಿಕ್ ನಿಮ್ಮನ್ನ ನಿಲ್ಲೋಕೆ ಬಿಟ್ಟರೆ.

ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಕೋಟೆಯ ಹತ್ತಿರವೇ ಹೂಳಲಾಯಿತು. ಇದು ನಮಗೆ ಹೇಗೆ ಗೊತ್ತು? ಒಬ್ಬ ಚಿತ್ರಕಾರನಿಂದ.

[ದೃಶ್ಯ: ಕೆತ್ತನೆ ಚಿತ್ರ, ಗೋರಿಗಳ ಮೇಲೆ ನಿಧಾನವಾಗಿ ಹತ್ತಿರ ಹೋಗುತ್ತದೆ.]

ಆತನ ಹೆಸರು ರಾಬರ್ಟ್ ಹೋಮ್. ಕಾರ್ನ್‌ವಾಲಿಸ್‌ನ ದಂಡಿನ ಜೊತೆಗೇ ಓಡಾಡಿ ನಂದಿ, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲವನ್ನೂ ಬರೆದುಕೊಂಡವನು. ಮೂರ್‌ಹೌಸ್ ಸಾಯುವ ದೃಶ್ಯವನ್ನು ದೊಡ್ಡ ತೈಲಚಿತ್ರವಾಗಿಯೂ ಬರೆದ. ಅದರಲ್ಲಿ ನಾಟಕ ಜಾಸ್ತಿ, ಅದು ಬೇರೆ ಮಾತು. ನಮಗೆ ಬೇಕಾಗಿರೋದು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೈಸೂರು ದೃಶ್ಯಗಳ ಪುಸ್ತಕ. ಅದರಲ್ಲಿ ಬೆಂಗಳೂರಿನ ಸ್ಮಶಾನದ ಚಿತ್ರವೂ ಇದೆ. ಯುದ್ಧ ಮುಗಿದು ಮೂರು ವರ್ಷ ಆಗುವಷ್ಟರಲ್ಲಿ ಅಚ್ಚಾದ ಚಿತ್ರ ಅದು. ಕ್ಯಾಪ್ಟನ್ ಜೆರೆಮಯ್ಯ ಡಿಲೇನಿ, ಕ್ಯಾಪ್ಟನ್ ಜೇಮ್ಸ್ ಸ್ಮಿತ್ ಮುಂತಾದವರ ಗೋರಿಗಳು ಅಲ್ಲಿದ್ದವು.

ಕಳೆದುಹೋದ ಸ್ಮಾರಕವನ್ನ ಹುಡುಕೋವಾಗ ಇಂಥ ಚಿತ್ರವನ್ನ ಎಷ್ಟು ನಂಬಬೇಕು ಅನ್ನೋದು ಮುಖ್ಯ ಪ್ರಶ್ನೆ. ಆ ಕಾಲದ ಚಿತ್ರಕಾರರು ಚೆಂದಕ್ಕೆ ಅಂತ ಮರ ಸೇರಿಸ್ತಿದ್ದರು, ಬೆಟ್ಟವನ್ನ ಸ್ವಲ್ಪ ಈ ಕಡೆ ಎಳೀತಿದ್ದರು. ಹಾಗಾಗಿ ಮರ, ಮೋಡ, ದಾರಿಯಲ್ಲಿ ಹೋಗೋ ಜನ, ಇದ್ಯಾವುದನ್ನೂ ನಾನು ಸಾಕ್ಷಿ ಅಂತ ತಗೊಳ್ಳಲ್ಲ. ಆದ್ರೆ ಸತ್ತ ಅಧಿಕಾರಿಗಳ ಹೆಸರು ತಪ್ಪಾಗಿ ಅಚ್ಚಾದ್ರೆ ಲಂಡನ್ನಿನಲ್ಲಿ ಅವರ ಮನೆಯವರೇ ಕೇಳ್ತಿದ್ದರು. ಪುಸ್ತಕ ಕೊಳ್ಳೋರೂ ಅದೇ ವರ್ಗದವರು. ಆದ್ದರಿಂದ ಹೆಸರುಗಳನ್ನ ನಂಬ್ತೀನಿ.

ಎರಡನೇ ಸಾಕ್ಷಿ ನಕ್ಷೆ. ಅದೇ ಮುತ್ತಿಗೆಯಲ್ಲಿದ್ದ ಕ್ಲಾಡ್ ಮಾರ್ಟಿನ್ ಅನ್ನೋ ಫ್ರೆಂಚ್ ಮೂಲದ ಅಧಿಕಾರಿ 1791ರಲ್ಲೇ ಬೆಂಗಳೂರಿನ ನಕ್ಷೆ ಬರೆದ. ಕೋಟೆಯ ಬುರುಜುಗಳು ಎಲ್ಲಿ, ಫಿರಂಗಿ ಎಲ್ಲಿ ನಿಂತಿತ್ತು, ಪೇಟೆಯ ಗೋಡೆ ಎಲ್ಲಿ ತಿರುಗುತ್ತಿತ್ತು ಅನ್ನೋದನ್ನ ಅದರಲ್ಲಿ ನೋಡಬಹುದು. ಈಗಿನ ನಕ್ಷೆಯ ಮೇಲೆ ಅದನ್ನ ಇಟ್ಟರೆ ಪೂರ್ತಿ ಕೂಡಲ್ಲ. ಆದ್ರೆ ದೆಹಲಿ ಬಾಗಿಲು ಇನ್ನೂ ನಿಂತಿರೋದ್ರಿಂದ ಅದನ್ನ ಮೊಳೆ ಹೊಡೆದ ಹಾಗೆ ಹಿಡಿದು ಉಳಿದದ್ದನ್ನ ಅಂದಾಜು ಮಾಡಬಹುದು.

ಮೂರನೇ ಸಾಕ್ಷಿ ಪಾದ್ರಿಗಳ ಬರಹ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ಚರಿತ್ರೆ ಬರೆದ ಫ್ರಾಂಕ್ ಪೆನ್ನಿ ಅನ್ನೋ ಪಾದ್ರಿಯ ದಾಖಲೆಯಲ್ಲಿ, 19ನೇ ಶತಮಾನದ ಕೊನೆಯಲ್ಲೂ ಈ ಸ್ಮಶಾನ ಇತ್ತು, ಮೈಸೂರು ಸರ್ಕಾರ ನೋಡಿಕೊಳ್ತಿತ್ತು ಅಂತ ಸಿಗುತ್ತೆ. ಒಂದು ನೂರು ವರ್ಷ ಉಳೀತು. ಆಮೇಲೆ 20ನೇ ಶತಮಾನದ ಮೊದಲ ಎರಡು ದಶಕದೊಳಗೇ ಮಾಯ.

[ದೃಶ್ಯ: ವಿಕ್ಟೋರಿಯಾ ಆಸ್ಪತ್ರೆ, ಕೋಟೆ ಪ್ರೌಢಶಾಲೆ, ಕೆ.ಆರ್. ಮಾರ್ಕೆಟ್‌ನ ಮೇಲಿನಿಂದ ತೆಗೆದ ದೃಶ್ಯ.]

ಯಾರೂ ಹಗೆಯಿಂದ ಕೆಡವಿದ್ದಲ್ಲ ಅಂತ ನನ್ನ ಅಂದಾಜು. ಆ ವರ್ಷಗಳಲ್ಲೂ ಆಮೇಲೂ ಕೋಟೆಯೇ ಕರಗ್ತಾ ಇತ್ತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು, 1928ಕ್ಕೆ ಮಾರ್ಕೆಟ್, 1935ಕ್ಕೆ ವಾಣಿವಿಲಾಸ ಆಸ್ಪತ್ರೆ. ನಡುವೆ ರಸ್ತೆಗಳು, ಶಾಲೆ. ಗೋಡೆ ಒಡೆದರು, ಕಂದಕ ಮುಚ್ಚಿದರು. ಅಷ್ಟು ದೊಡ್ಡ ಕೋಟೆಯೇ ಉಳಿಯದ ಕಡೆ ನಾಲ್ಕಾರು ಗೋರಿಗಳನ್ನ ಯಾರು ಕೇಳ್ತಾರೆ? ಕಂಟೋನ್ಮೆಂಟ್ ಕಡೆ ಹೊಸ ಸ್ಮಶಾನಗಳಿದ್ದವು, ಅಲ್ಲಿ ಸಂಬಂಧಿಕರೂ ಇದ್ದರು. 1791ರಲ್ಲಿ ಸತ್ತವರಿಗೆ ಬೆಂಗಳೂರಲ್ಲಿ ನೆಂಟರು ಯಾರೂ ಇರಲಿಲ್ಲ.

ಗೋರಿ ಹೋದರೂ ಹೆಸರುಗಳು ಉಳಿದಿದ್ದವು, ಸೆನೊಟಾಫಿನ ಕಲ್ಲಿನ ಮೇಲೆ. ಇಂಥದೇ ಇನ್ನೊಂದು ಕಂಬ ಶ್ರೀರಂಗಪಟ್ಟಣದ ಕೋಟೆಯಲ್ಲಿದೆ. 1799ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ನೆನಪಿಗೆ 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸರ್ಕಾರವೇ ನಿಲ್ಲಿಸಿದ್ದು. ಅದು ಇನ್ನೂ ನಿಂತಿದೆ. ಪ್ರವಾಸಿಗರು ಅದರ ಮುಂದೆ ಸೆಲ್ಫಿ ತೆಗೀತಾರೆ.

ಬೆಂಗಳೂರಿನದು ಯಾಕೆ ಉಳೀಲಿಲ್ಲ? ಅದು ನಿಂತಿದ್ದ ಜಾಗದಿಂದ. ಶ್ರೀರಂಗಪಟ್ಟಣದ ಕಂಬ ಹಾಳು ಕೋಟೆಯ ಮೂಲೆಯಲ್ಲಿದೆ. ಇದು ಹಲಸೂರು ಬಾಗಿಲ ಹತ್ರ, ನಗರಸಭೆಯ ಎದುರಿಗೇ, ದಿನಾ ಸಾವಿರಾರು ಜನ ಓಡಾಡೋ ಸರ್ಕಲ್‌ನಲ್ಲಿತ್ತು. ರಾಜ್ಯ ಒಂದಾಗಿ ಎಂಟು ವರ್ಷ, ಬೆಂಗಳೂರಲ್ಲಿ ಕನ್ನಡ ಚಳವಳಿ ಬಿಸಿಯಾಗಿದ್ದ ಕಾಲ. ನಮ್ಮ ಊರನ್ನ ಗೆದ್ದವರ ಸ್ಮಾರಕ ನಮ್ಮ ಕಾರ್ಪೊರೇಷನ್ ಮುಂದೆ ಯಾಕೆ ಅಂತ ಚಳವಳಿಗಾರರು ಕೇಳಿದರು. ಕೇಳಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ. 1964ರ ಅಕ್ಟೋಬರ್ 28ರಂದು ಕಾರ್ಪೊರೇಷನ್ನೇ ಅದನ್ನ ಕೆಡವಿತು.

ನನ್ನ ತಕರಾರು ಕೆಡವಿದ ರೀತಿಯ ಬಗ್ಗೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಅಲ್ಲಿಂದ ದೂರ ಏನಲ್ಲ, ಬೆಂಗಳೂರು ಸುತ್ತಮುತ್ತಲಿನ ವೀರಗಲ್ಲು, ಶಾಸನಗಳನ್ನ ಇಟ್ಟಿರೋ ಜಾಗ ಅದು. ಹೆಸರಿದ್ದ ಕಲ್ಲುಗಳನ್ನ ಅಲ್ಲಿಗೆ ಸಾಗಿಸಿ ಕಂಬವನ್ನ ಮಾತ್ರ ತೆಗೆಯಬಹುದಿತ್ತು. ಕಬ್ಬನ್ ಪಾರ್ಕ್ ಬದಿಯಲ್ಲಿ 1906ರಿಂದ ನಿಂತಿರೋ ವಿಕ್ಟೋರಿಯಾ ರಾಣಿಯನ್ನಂತೂ ಯಾರೂ ಮುಟ್ಟಲಿಲ್ಲ! ಮಹಾರಾಣಿಗೆ ವಿನಾಯಿತಿ, ಕ್ಯಾಪ್ಟನ್ನುಗಳಿಗೆ ಇಲ್ಲ.

[ದೃಶ್ಯ: ಸಿಟಿ ಮಾರ್ಕೆಟ್ ಬಳಿಯ ಗಲ್ಲಿ. ಹೂವಿನ ಅಂಗಡಿಗಳು.]

ಈ ಇಡೀ ಕಥೆಯಲ್ಲಿ ಇನ್ನೊಂದು ಸಮಾಧಿ ಇದೆ. ಕೋಟೆ ಕಾಯ್ತಿದ್ದ ಕಿಲ್ಲೇದಾರ ಬಹಾದುರ್ ಖಾನ್‌ನದ್ದು. ಸುಮಾರು ಎಪ್ಪತ್ತರ ಮುದುಕ, ಮಾರ್ಚ್ 21ರ ರಾತ್ರಿ ಕೋಟೆಯ ಬಿರುಕಿನ ಹತ್ರವೇ ಹೋರಾಡಿ ಸತ್ತ. ಶವ ಕಳಿಸಿಕೊಡ್ತೀವಿ ಅಂತ ಕಾರ್ನ್‌ವಾಲಿಸ್ ಹೇಳಿಕಳಿಸಿದಾಗ, ಆತ ಬಿದ್ದ ಜಾಗಕ್ಕಿಂತ ಗೌರವದ ಜಾಗ ಬೇರೆ ಇಲ್ಲ ಅಂತ ಟಿಪ್ಪು ಉತ್ತರ ಕೊಟ್ಟ. ಹಾಗಾಗಿ ಇಲ್ಲೇ ದಫನ್ ಆಯ್ತು. ಸಿಟಿ ಮಾರ್ಕೆಟ್ ಬಳಿಯ ದರ್ಗಾ ಆ ಕಿಲ್ಲೇದಾರನದ್ದೇ ಅನ್ನೋ ನಂಬಿಕೆ ಇದೆ. ಅಲ್ಲಿಗೆ ಬರೋರಲ್ಲಿ ಹೆಚ್ಚಿನವರು 1791ನ್ನ ನೆನೆಸಿಕೊಂಡು ಬರಲ್ಲ, ತಮ್ಮ ಹರಕೆ ತೀರಿಸೋಕೆ ಬರ್ತಾರೆ. ಅವರು ಬರ್ತಾ ಇರೋದ್ರಿಂದ ಅದು ಉಳಿದಿದೆ.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದ ಕಥೆಯೂ ಸ್ವಲ್ಪ ಹಾಗೇ. ವರ್ಷಗಟ್ಟಲೆ ಪೊದೆ ಬೆಳೆದು ಮುಚ್ಚಿಹೋಗಿತ್ತು. ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರು ಅಲ್ಲಿ ಮಲಗಿದ್ದಾರೆ. ಡಿ ಮ್ಯೂರಾನ್ ಮನೆತನದವರು ಕಾಳಜಿ ವಹಿಸಿದ ಮೇಲೆ ಅದನ್ನ ದುರಸ್ತಿ ಮಾಡಲಾಯಿತು.

[ದೃಶ್ಯ: ಮತ್ತೆ ನಿರೂಪಕರು, ಕೈಯಲ್ಲಿ ಹಳೆಯ ಪೋಸ್ಟ್‌ಕಾರ್ಡ್.]

ಈಗ ನಿಮ್ಮ ಹತ್ರ ಒಂದು ಕೆಲಸ. ಸೆನೊಟಾಫಿನ ಫೋಟೋಗಳು ಇವೆ, ಆದ್ರೆ ಹೆಚ್ಚಿನವು ದೂರದಿಂದ ತೆಗೆದವು, ಬರಹ ಓದೋಕೆ ಆಗಲ್ಲ. 1964ಕ್ಕಿಂತ ಮೊದಲು ಆ ಸುತ್ತಮುತ್ತ ಮನೆ, ಅಂಗಡಿ, ಆಫೀಸು ಇದ್ದವರ ಆಲ್ಬಮ್ಮುಗಳಲ್ಲಿ ಹಿನ್ನೆಲೆಯಲ್ಲಿ ಆ ಕಂಬ ಇರೋ ಸಾಧ್ಯತೆ ಇದೆ. ಮದುವೆ ಮೆರವಣಿಗೆ, ಹೊಸ ಸ್ಕೂಟರ್, ದಸರಾ ರಜೆ, ಯಾವುದಾದ್ರೂ ಸರಿ. ಸಿಕ್ಕಿದ್ರೆ ಮುಂಭಾಗ ಮಾತ್ರ ಅಲ್ಲ, ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ತಾರೀಖು ಬರೆದಿರೋದು ಅಲ್ಲೇ.